ಸೆಟ್‌ಬ್ಯಾಕ್: ಜಾಗ ಬಿಟ್ಟವನಿಗೇ ನಷ್ಟವೇ?

ರಸ್ತೆ ಬದಿಯ ಗಡಿಗೂ ಕಟ್ಟಡಕ್ಕೂ ನಡುವೆ ಬಿಡಬೇಕಾದ ತೆರವು ಜಾಗವು ಗಾಳಿ, ಬೆಳಕು ಹಾಗೂ ಅಗ್ನಿಶಾಮಕ ವಾಹನದ ಪ್ರವೇಶಕ್ಕೆ ಅತ್ಯಗತ್ಯ. ಕರ್ನಾಟಕದ ‘ಅಕ್ರಮ-ಸಕ್ರಮ’ ಯೋಜನೆಯು ವಾಸದ ಕಟ್ಟಡಗಳಲ್ಲಿ ಶೇ. 50, ವಾಣಿಜ್ಯ ಕಟ್ಟಡಗಳಲ್ಲಿ ಶೇ. 25ರವರೆಗಿನ ಉಲ್ಲಂಘನೆಯನ್ನು ದಂಡ ಪಡೆದು ಸಕ್ರಮಗೊಳಿಸಲು ಉದ್ದೇಶಿಸಿತ್ತು. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿದ ಈ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ನೀಡಿತು.

ಲೆಕ್ಕದ ದೃಷ್ಟಿಯಿಂದ ನೋಡಿದರೆ, ಒಮ್ಮೆ ತೆರುವ ದಂಡವು ಉಲ್ಲಂಘಿಸಿದವನಿಗೆ ಬಂಡವಾಳ ವೆಚ್ಚವಷ್ಟೇ; ಆ ಜಾಗದ ಬಾಡಿಗೆಯಾದರೋ ವರ್ಷವರ್ಷವೂ ಬರುವ ಆದಾಯ. ನಿಯಮದಂತೆ ಜಾಗ ಬಿಟ್ಟ ಪಕ್ಕದ ವರ್ತಕನಿಗೆ ಉಳಿಯುವುದು ನಷ್ಟವೊಂದೇ. ಇಂತಹ ನೀತಿ ಆರೋಗ್ಯಕರ ಸ್ಪರ್ಧೆಗೆ ಮಾರಕ.

ಪಾಯದ ಹಂತದಲ್ಲಿಯೇ ಅಳತೆ ಪರಿಶೀಲಿಸಿದರೆ ತಪ್ಪನ್ನು ಅಲ್ಪ ವೆಚ್ಚದಲ್ಲಿ ಸರಿಪಡಿಸಬಹುದು. ಸ್ಥಳೀಯ ಸಂಸ್ಥೆಗಳು ಈ ಕಾರ್ಯವನ್ನು ಕಾಲಮಿತಿಯೊಳಗೆ ಮುಗಿಸಲಿ, ವರ್ತಕರೂ ಸಹಕರಿಸಲಿ.