ಶುಕ್ರಾಣುವಿನ ಉತ್ಪತ್ತಿ: ಓದದೆ ಬಿಡುವ ಪಾಠ

ಮಾನವನ ಪ್ರಜನನವನ್ನು ಕುರಿತ ಪಾಠವೊಂದು ವಿಜ್ಞಾನದ ಪಠ್ಯಪುಸ್ತಕದಲ್ಲಿ ಉಂಟು. ಅದನ್ನು ಮನೆಯಲ್ಲಿ ಓದಿಕೊಳ್ಳಿರೆಂದು ಹೇಳಿ ಮುಂದಿನ ಪಾಠಕ್ಕೆ ಸಾಗುವ ಪದ್ಧತಿ ಅನೇಕ ಶಾಲೆಗಳಲ್ಲಿ ಬೇರೂರಿದೆ. ದಾಸವಾಳದ ಪರಾಗವನ್ನು ವರ್ಣಿಸುವಾಗ ನಿರರ್ಗಳವಾಗಿ ಹರಿಯುವ ಮಾತು ಮನುಷ್ಯನ ಸರದಿ ಬಂದೊಡನೆ ತಡವರಿಸುತ್ತದೆ. ಈ ಪದ್ಧತಿ ನಿಲ್ಲಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ಕಾರಣಗಳನ್ನು ಹೇಳುವ ಮೊದಲು, ಬಿಟ್ಟುಹೋಗುವ ಆ ಪಾಠದ ಒಂದು ಭಾಗವನ್ನಾದರೂ ಇಲ್ಲಿ ಹೇಳಿಬಿಡುವುದು ಮೇಲು.

ಪುರುಷನ ದೇಹದಲ್ಲಿ ಶುಕ್ರಾಣುಗಳು ಹುಟ್ಟುವ ಸ್ಥಾನ ವೃಷಣಗಳು. ಹೃದಯ, ಶ್ವಾಸಕೋಶ, ಯಕೃತ್ತು ಮೊದಲಾದ ಅಂಗಗಳೆಲ್ಲ ಒಳಗೆ ಭದ್ರವಾಗಿರುವಾಗ ಇವೆರಡು ಮಾತ್ರ ಹೊರಗೆ ಚರ್ಮದ ಚೀಲದಲ್ಲಿ ಇರುವುದೇಕೆ? ದೇಹದೊಳಗಿನ 37 ಡಿಗ್ರಿ ಶಾಖ ಈ ಕೆಲಸಕ್ಕೆ ಹೆಚ್ಚಾಯಿತು; ಅದಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆಯಿದ್ದರೆ ಮಾತ್ರ ಕೆಲಸ ಸಾಂಗವಾಗಿ ನಡೆಯುತ್ತದೆ. ಆದುದರಿಂದಲೇ ಚಳಿಯಲ್ಲಿ ಆ ಚೀಲ ಮುದುಡಿ ದೇಹಕ್ಕೆ ಹತ್ತಿರವಾಗುತ್ತದೆ, ಸೆಕೆಯಲ್ಲಿ ಸಡಿಲಗೊಳ್ಳುತ್ತದೆ.

ಪ್ರತಿಯೊಂದು ವೃಷಣದೊಳಗೆ ನೂರಾರು ನವುರಾದ ನಾಳಗಳು ನೂಲಿನ ಉಂಡೆಯಂತೆ ಸುತ್ತಿಕೊಂಡಿವೆ. ಆ ನಾಳಗಳ ಗೋಡೆಗೆ ಅಂಟಿಕೊಂಡು ಮೂಲಕೋಶಗಳಿರುತ್ತವೆ. ಹದಿಹರೆಯ ಬಂದಾಗ ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಎರಡು ರಸಗಳನ್ನು ರಕ್ತದ ಮೂಲಕ ಕಳುಹಿಸುತ್ತದೆ. ಒಂದರ ಪ್ರೇರಣೆಯಿಂದ ವೃಷಣದಲ್ಲಿ ಟೆಸ್ಟೋಸ್ಟೆರೋನ್ ಸ್ರವಿಸುತ್ತದೆ. ಧ್ವನಿ ಒಡೆಯುವುದೂ ಮೀಸೆ ಮೂಡುವುದೂ ಇದರಿಂದಲೇ. ಇನ್ನೊಂದು, ಶುಕ್ರಾಣುಗಳನ್ನು ಪೋಷಿಸುವ ದಾದಿಕೋಶಗಳನ್ನು ಎಚ್ಚರಿಸುತ್ತದೆ. ಈ ದಾದಿಕೋಶಗಳನ್ನು 1865ರಲ್ಲಿ ವರ್ಣಿಸಿದ ಇಟಲಿಯ ಎನ್ರಿಕೊ ಸೆರ್ಟೋಲಿಗೆ ಆಗ ವಯಸ್ಸು ಇಪ್ಪತ್ತಮೂರರ ಆಸುಪಾಸು.

ಮೂಲಕೋಶದಲ್ಲಿ ನಮ್ಮ ಉಳಿದೆಲ್ಲ ಕೋಶಗಳಲ್ಲಿರುವಂತೆ 46 ವರ್ಣತಂತುಗಳಿರುತ್ತವೆ. ಅದು ಒಡೆದು ಹೆಚ್ಚುತ್ತದೆ. ಹಾಗೆ ಹುಟ್ಟಿದವುಗಳಲ್ಲಿ ಕೆಲವು ಮೂಲಕೋಶಗಳಾಗಿಯೇ ಉಳಿಯುವುದರಿಂದ ಬೀಜದ ಕಣಜ ಬರಿದಾಗುವುದಿಲ್ಲ. ಬೆಳೆದ ಕೋಶ ಎರಡು ಬಾರಿ ವಿಭಜನೆಗೊಂಡು ನಾಲ್ಕಾಗುತ್ತದೆ, ಒಂದೊಂದಕ್ಕೂ 23 ವರ್ಣತಂತುಗಳು ಮಾತ್ರ ಪಾಲಿಗೆ ಬರುತ್ತವೆ. ಉಳಿದ 23 ತಾಯಿಯ ಅಂಡದಿಂದ ಬರಬೇಕಾದವು. ಈ ನಾಲ್ಕೂ ಆಗ ಬರಿಯ ದುಂಡು ಕೋಶಗಳು, ಬಾಲವಿಲ್ಲ, ಚಲನೆಯಿಲ್ಲ. ಕ್ರಮೇಣ ಬಾಲ ಬೆಳೆಯುತ್ತದೆ, ಬೇಡವಾದ ಭಾರವೆಲ್ಲ ಕಳಚುತ್ತದೆ. ಈ ಎಲ್ಲಕ್ಕೂ ಹಿಡಿಯುವ ಕಾಲ ಸುಮಾರು 74 ದಿನ. ಎಂದರೆ ಗಣೇಶನ ಹಬ್ಬದಂದು ತೊಡಗಿದ ಕೆಲಸ ಕಾರ್ತಿಕದ ಹುಣ್ಣಿಮೆ ಕಳೆದ ಮೇಲೆ ಮುಗಿಯುತ್ತದೆ. ಅಷ್ಟಾದರೂ ಶುಕ್ರಾಣುವಿಗೆ ಈಜು ಬಾರದು. ವೃಷಣದ ಮೇಲೆ ಮಡಿಕೆಮಡಿಕೆಯಾಗಿ ಕುಳಿತ, ಬಿಡಿಸಿದರೆ ಆರು ಮೀಟರಿನಷ್ಟು ಉದ್ದವಾಗುವ ಇನ್ನೊಂದು ನಾಳದಲ್ಲಿ ಹಲವು ದಿನ ಸಾಗಿದ ಮೇಲೆಯೇ ಆ ಶಕ್ತಿ ಬರುವುದು. ಆರೋಗ್ಯವಂತನಲ್ಲಿ ದಿನವೊಂದಕ್ಕೆ ಇಂಥವು ಕೋಟಿಗಟ್ಟಲೆ ಸಿದ್ಧವಾಗುತ್ತವೆ. ವೆಚ್ಚವಾಗದವು ಕರಗಿ ದೇಹದಲ್ಲಿಯೇ ಲೀನವಾಗುತ್ತವೆ.

ಇದರಲ್ಲಿ ಬಾಯಿಬಿಟ್ಟು ಹೇಳಬಾರದ ಮಾತು ಯಾವುದಿದೆ? ನಮಗಂತೂ ಕಾಣದು. ಶಾಲೆ ಹೇಳದಿದ್ದುದನ್ನು ರೈಲು ಹಳಿಯ ಪಕ್ಕದ ಗೋಡೆಗಳು ಹೇಳುತ್ತವೆ. ನಲವತ್ತು ಹನಿ ರಕ್ತ ಸೇರಿ ಒಂದು ಹನಿ ವೀರ್ಯವಾಗುತ್ತದೆ, ಅದು ಹೋದರೆ ಆಯುಷ್ಯವೇ ಹೋಯಿತು ಎಂಬ ಮಾತನ್ನು ನಂಬಿ ಎಷ್ಟೋ ಹುಡುಗರು ಒಳಗೊಳಗೇ ಕೊರಗುತ್ತಾರೆ, ಸಂಬಳದ ಹಣವನ್ನು ಗುಪ್ತರೋಗದ ವೈದ್ಯರೆಂದು ಹೇಳಿಕೊಳ್ಳುವವರ ಕೈಗೆ ಸುರಿಯುತ್ತಾರೆ. ಸಪ್ತಧಾತುಗಳಲ್ಲಿ ಶುಕ್ರವೇ ಕಡೆಯದೆಂದು ಎಣಿಸಿದ ಪ್ರಾಚೀನ ವೈದ್ಯರ ಬಗ್ಗೆ ನಮಗೆ ಅನಾದರವಿಲ್ಲ. ಅವರ ಬಳಿ ಸೂಕ್ಷ್ಮದರ್ಶಕವಿರಲಿಲ್ಲ. ಆದರೆ ವೀರ್ಯದ ಬಹುಭಾಗ ನೀರು, ಬೇರೆ ಗ್ರಂಥಿಗಳು ಒದಗಿಸುವ ದ್ರವ; ಶುಕ್ರಾಣುಗಳ ಪಾಲು ಅತ್ಯಲ್ಪ. ನಿಮ್ಮ ವಯಸ್ಸಿನಲ್ಲಿ ಅದು ನಿದ್ರೆಯಲ್ಲಿ ತಾನಾಗಿ ಹೊರಹೋದರೆ ರೋಗವೂ ಅಲ್ಲ, ನಷ್ಟವೂ ಅಲ್ಲ. ಈ ಕೊರಗಿಗೆ ನಮ್ಮ ದೇಶದ ಮನೋವೈದ್ಯ ಎನ್. ಎನ್. ವಿಗ್ ಅವರು 1960ರಲ್ಲಿ ‘ಧಾತು’ವಿನ ಹೆಸರನ್ನೇ ಇಟ್ಟರು. ಇಂಥ ಔಷಧಿಗಳ ಜಾಹೀರಾತನ್ನು ನಿಷೇಧಿಸುವ ಕಾಯಿದೆ 1954ರಲ್ಲಿಯೇ ಬಂದಿದೆ. ಕಾಯಿದೆ ಇದೆ, ಗೋಡೆಗಳೂ ಹಾಗೆಯೇ ಇವೆ!

ವಿದ್ಯಾರ್ಥಿನಿಯರಿಗೆ ಈ ಪಾಠವೇಕೆಂದು ಕೇಳುವವರಿದ್ದಾರೆ. ಮೇಲೆ ಹೇಳಿದ ನಾಲ್ಕು ಶುಕ್ರಾಣುಗಳಲ್ಲಿ ಎರಡು ಎಕ್ಸ್ ವರ್ಣತಂತುವನ್ನೂ ಎರಡು ವೈ ವರ್ಣತಂತುವನ್ನೂ ಹೊತ್ತಿರುತ್ತವೆ. ತಾಯಿಯ ಅಂಡದಲ್ಲಿರುವುದು ಯಾವಾಗಲೂ ಎಕ್ಸ್. ಮಗು ಹೆಣ್ಣೋ ಗಂಡೋ ಎಂಬುದು ಯಾವ ಶುಕ್ರಾಣು ಅಂಡವನ್ನು ಸೇರಿತು ಎಂಬುದರ ಮೇಲೆ ನಿಂತಿದೆ. ಅಮೆರಿಕದ ವಿದುಷಿ ನೆಟ್ಟಿ ಸ್ಟೀವನ್ಸ್ 1905ರಲ್ಲಿ ಹಿಟ್ಟಿನಲ್ಲಿ ಬೆಳೆಯುವ ಒಂದು ಹುಳುವಿನಲ್ಲಿ ಈ ಭೇದವನ್ನು ಗುರುತಿಸಿದರು. ಇಷ್ಟು ಕಾಲ ಸಂದ ಮೇಲೂ ಮೂರನೆಯದೂ ಹೆಣ್ಣಾಯಿತೆಂದು ಸೊಸೆಯನ್ನು ಹಳಿಯುವ ಮನೆಗಳು ಊರಿನಲ್ಲಿಯೂ ಉಂಟು, ಈ ನಗರದ ಚಾಳುಗಳಲ್ಲಿಯೂ ಉಂಟು. ತಂದೆಯನ್ನು ಹಳಿಯಿರೆಂದು ನಾವು ಹೇಳುತ್ತಿಲ್ಲ. ಅವನ ಇಚ್ಛೆಗೂ ಅಲ್ಲಿ ಎಡೆಯಿಲ್ಲ.

ಇನ್ನು ಭಾಷೆಯ ಮಾತು. ಈ ಪಾಠವನ್ನು ಹೇಳುವವರಲ್ಲಿಯೂ ಕೆಲವರು ಅಂಗಗಳ ಹೆಸರನ್ನು ಇಂಗ್ಲಿಷಿನಲ್ಲಿ ಉಚ್ಚರಿಸಿ ನಾಚಿಕೆಯನ್ನು ಕಳೆದುಕೊಳ್ಳುತ್ತಾರೆ. ವೃಷಣ ಎಂಬ ಶಬ್ದ ಅಶ್ಲೀಲವೂ ಟೆಸ್ಟಿಸ್ ಎಂಬುದು ಶಾಸ್ತ್ರೀಯವೂ ಆಗುವುದು ಹೇಗೆಂದು ನಮಗೆ ತಿಳಿಯದು. 1677ರಲ್ಲಿ ಶುಕ್ರಾಣುವಿನ ವಿಚಾರವಾಗಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ ಲೇವನ್‌ಹುಕ್ ಡೆಲ್ಫ್ಟ್ ಪಟ್ಟಣದ ಜವಳಿ ವ್ಯಾಪಾರಿ. ವಿದ್ವಾಂಸರ ಭಾಷೆಯಾದ ಲ್ಯಾಟಿನ್ ಆತನಿಗೆ ಬಾರದು. ಬಲ್ಲುದು ತಾಯ್ನುಡಿ ಡಚ್ ಒಂದೇ. ಓದುವವರಿಗೆ ಅಸಹ್ಯವೆನಿಸೀತೆಂಬ ಅಳುಕು ಆತನಿಗೂ ಇತ್ತು. ಹಾಗಿದ್ದರೆ ಇದನ್ನು ಪ್ರಕಟಿಸಬೇಡಿರೆಂದು ಸೂಚಿಸಿಯೂ ಇದ್ದನು. ಅವರು ಅಚ್ಚು ಮಾಡಿಸಿದರು.

ಎಳೆಯ ಮನಸ್ಸು ಕೆಟ್ಟೀತು ಎಂಬ ಪೋಷಕರ ಭಯವನ್ನು ನಾವು ಅಲ್ಲಗಳೆಯುವುದಿಲ್ಲ. ಅವರು ಒಂದು ಸಂಗತಿಯನ್ನು ಮಾತ್ರ ಪರಿಶೀಲಿಸಬೇಕು. ವೃಷಣ ತನ್ನ ಹುರಿಯ ಮೇಲೆ ತಿರುಚಿಕೊಂಡು ರಕ್ತಸಂಚಾರ ನಿಂತುಹೋಗುವ ಅಪಾಯವೊಂದುಂಟು. ಹದಿಹರೆಯದ ಹುಡುಗರಲ್ಲಿಯೇ ಅದು ಹೆಚ್ಚು. ಹಠಾತ್ತನೆ ತೀವ್ರವಾದ ನೋವು, ಹಲವು ವೇಳೆ ವಾಂತಿ. ಸುಮಾರು ಆರು ಗಂಟೆಗಳೊಳಗಾಗಿ ಶಸ್ತ್ರಚಿಕಿತ್ಸೆಯಾದರೆ ಅಂಗವು ಸಾಮಾನ್ಯವಾಗಿ ಉಳಿಯುತ್ತದೆ, ತಡವಾದಷ್ಟೂ ಆಸೆ ಕಡಿಮೆ. ನಡುರಾತ್ರಿಯಲ್ಲಿ ಇಂಥ ನೋವು ಬಂದ ಹುಡುಗ ಹೊಟ್ಟೆನೋವೆಂದು ಹೇಳಿ ಬೆಳಗಿನವರೆಗೆ ಹಲ್ಲು ಕಚ್ಚಿಕೊಂಡು ಮಲಗದೆ, ತಂದೆತಾಯಿಗಳನ್ನು ಎಬ್ಬಿಸಿ ಇಂಥಲ್ಲಿ ನೋವು, ಈಗಲೇ ಆಸ್ಪತ್ರೆಗೆ ಹೋಗಬೇಕು ಎಂದು ಹೇಳುವಂತಾಗಬೇಕಾದರೆ, ಆ ಅಂಗದ ಹೆಸರನ್ನು ಅವನು ತರಗತಿಯಲ್ಲಿ ಒಮ್ಮೆಯಾದರೂ ಗಟ್ಟಿಯಾಗಿ ಕೇಳಿರಬೇಕು.