ಆ್ಯಪ್ ಆಮೇಲೆ ಮಾಡೋಣ

ಮಿನಿ ಪ್ರಾಜೆಕ್ಟ್ ಅಂದ ಕೂಡಲೇ ನಮ್ಮಲ್ಲಿ ಒಂದು ಟೀಮ್ ಆದರೂ 'ಮೆಡಿಸಿನ್ ರಿಮೈಂಡರ್' ಅಂತ ಹೊರಡುತ್ತೆ. ನಾವೂ ಹೊರಟಿದ್ವಿ. ಆರ್ಡುಯಿನೊ, ಬಜರ್, ಎಲ್‌ಇಡಿ ಎಲ್ಲಾ ಹಾಕಿದ್ವಿ. ಡೆಮೊ ದಿನ ಬಜರ್ ಕೂಗಿತು, ಮಾರ್ಕ್ಸೂ ಬಂತು.

ರಜೆಗೆ ಊರಿಗೆ ಹೋದಾಗ ಗೊತ್ತಾಯ್ತು, ನಮ್ಮಜ್ಜಿ ಮಾತ್ರೆಯ ಟೈಮ್ ಮರೆಯೋದೇ ಇಲ್ಲ. ತೊಂದರೆ ಬೇರೆ. ಮೆಡಿಕಲ್ ಶಾಪಿನವರು ಈ ಸಲ ಬೇರೆ ಕಂಪನಿಯ ಬಿಪಿ ಮಾತ್ರೆ ಕೊಟ್ಟಿದ್ರು. ಹೆಸರು ಬೇರೆ, ಬಣ್ಣ ಬೇರೆ, ಒಳಗಿರೋದು ಅದೇ ಆಮ್ಲೋಡಿಪಿನ್. ಡಾಕ್ಟರು ಹೊಸದೊಂದು ಸೇರಿಸಿದ್ದಾರೆ ಅಂದ್ಕೊಂಡು ಅಜ್ಜಿ ಉಳಿದಿದ್ದ ಹಳೇದನ್ನೂ ಹೊಸದನ್ನೂ ನಾಲ್ಕು ದಿನ ಜೊತೆಗೇ ನುಂಗಿದ್ದಾರೆ. ತಲೆ ಸುತ್ತಿ ಬಚ್ಚಲ ಬಾಗಿಲು ಹಿಡ್ಕೊಂಡು ಕೂತುಬಿಟ್ಟಿದ್ರಂತೆ. ದಿನಾ ಪೇಪರ್ ಓದೋ ಅಜ್ಜಿ. ಆದರೆ ಆ ಸ್ಟ್ರಿಪ್ ಮೇಲೆ ಕನ್ನಡದ ಒಂದಕ್ಷರವೂ ಇರಲಿಲ್ಲ.

ನಾವು ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದ್ದು ಇಲ್ಲಾದರೂ ಉಪಯೋಗಕ್ಕೆ ಬರಲಿ. ಬಜರ್ ಬಿಟ್ಟು ಒಂದು ಭಾನುವಾರ ಮನೆಯ ಮಾತ್ರೆ ಡಬ್ಬಿ ಸುರ್ಕೊಂಡು ಕೂರೋಣ. ಬ್ರ್ಯಾಂಡ್ ಹೆಸರಿನ ಹತ್ತಿರ ಇರೋ ಔಷಧದ ಹೆಸರು ಓದೋಣ. ಒಂದೇ ಹೆಸರು ಎರಡು ಕಡೆ ಕಂಡರೆ ಡಾಕ್ಟರಿಗೆ ಫೋನ್ ಮಾಡೋಣ, ನಾವೇ ಡಾಕ್ಟರಾಗೋದು ಬೇಡ. ಚೀಟಿಯ '1-0-1' ಅನ್ನು 'ಬೆಳಿಗ್ಗೆ ಒಂದು, ರಾತ್ರಿ ಒಂದು' ಅಂತ ದಪ್ಪಕ್ಷರದಲ್ಲಿ ಬರೆದು, ಮುಂದಿನ ಚೆಕಪ್ ತಾರೀಖನ್ನು ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕೋಣ.

ನಾವು ಹಾಗೆ ಬರೆದುಕೊಟ್ಟ ಹಾಳೆಯಲ್ಲಿ ಎರಡು ಒತ್ತಕ್ಷರ ತಪ್ಪಿತ್ತು. ಅಜ್ಜಿ ನಗ್ತಾ ತಿದ್ದಿದರು, ಆಮೇಲೆ ಫ್ರಿಜ್ ಬಾಗಿಲಿಗೆ ಅಂಟಿಸಿದರು.