ಮೊಳಕೆಯಲ್ಲಿಯೇ ಕೀಳಬೇಕಾದ ಕಳೆ



ಕೋಪ, ಕುಡಿತ, ಹಣದಾಸೆ ಇವುಗಳ ಬಗ್ಗೆ ನೀವು ಎಷ್ಟೋ ಪ್ರಬೋಧನೆಗಳನ್ನು ಕೇಳಿದ್ದೀರಿ. ಧರ್ಮಸಭೆ ಹೇಳುವ ಏಳು ಮೂಲ ಪಾಪಗಳಲ್ಲಿ ಕಾಮವೂ ಒಂದು. ಆದರೆ ಅದರ ಹೆಸರೆತ್ತಿದರೆ ಮನೆಯಲ್ಲಿ ತಂದೆತಾಯಿ ಮೌನ, ಮಕ್ಕಳೂ ಮೌನ. ಈ ಮೌನದಲ್ಲಿಯೇ ಶೋಧಕನು ಮನೆ ಮಾಡಿಕೊಳ್ಳುತ್ತಾನೆ. ಆದ್ದರಿಂದ ಈ ತಿಂಗಳು ಈ ವಿಷಯವನ್ನು ಮುಚ್ಚುಮರೆಯಿಲ್ಲದೆ ಮಾತನಾಡೋಣ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ದೇಹ ಕೆಟ್ಟದ್ದಲ್ಲ. ದೇವರು ಮನುಷ್ಯನನ್ನು ಗಂಡು ಹೆಣ್ಣಾಗಿ ಉಂಟುಮಾಡಿ, ತಾವು ಮಾಡಿದ್ದೆಲ್ಲವನ್ನೂ ನೋಡಿ ಮೆಚ್ಚಿದರು. ಗಂಡ ಹೆಂಡಿರ ಸೆಳೆತ ದೇವರ ಕೊಡುಗೆ. ಅದಕ್ಕಾಗಿಯೇ ಮದುವೆ ಒಂದು ಸಂಸ್ಕಾರ. ಸಂತ ಎರಡನೇ ಜಾನ್ ಪೌಲ್ ಜಗದ್ಗುರುಗಳು 1979ರಿಂದ 1984ರವರೆಗೆ ತಮ್ಮ ಬುಧವಾರದ ಉಪದೇಶಗಳಲ್ಲಿ ಮನುಷ್ಯ ದೇಹದ ಘನತೆಯ ಬಗ್ಗೆಯೇ ಬೋಧಿಸಿದರು. ಹಾಗಾದರೆ ಕಾಮ ಪಾಪವಾಗುವುದು ಎಲ್ಲಿ? ಒಬ್ಬ ವ್ಯಕ್ತಿಯನ್ನು ಪ್ರೀತಿಸಬೇಕಾದವರೆಂದು ಕಾಣದೆ, ಬಳಸಿ ಬಿಡುವ ವಸ್ತುವೆಂದು ಕಂಡಾಗ. ಯೇಸುಸ್ವಾಮಿ ಬೆಟ್ಟದ ಮೇಲಿನ ಬೋಧನೆಯಲ್ಲಿ (ಮತ್ತಾಯ 5:27-28) ವ್ಯಭಿಚಾರದ ಬೇರನ್ನು ನೋಟದಲ್ಲಿಯೇ ತೋರಿಸಿದ್ದು ಇದಕ್ಕಾಗಿ. ಕಣ್ಣಿಗೆ ಬಿದ್ದದ್ದು ಪಾಪವಲ್ಲ. ಬೇಕೆಂದೇ ಕಣ್ಣು ನೆಟ್ಟು, ಮನಸ್ಸಿನಲ್ಲಿ ಆಸೆ ಬೆಳೆಸುವುದು ಪಾಪ. ಹರೆಯದ ಮಕ್ಕಳೇ, ನಿದ್ದೆಯಲ್ಲಿ ಬೀಳುವ ಕನಸಿಗೆ, ತಾನಾಗಿ ಸುಳಿದು ಹೋಗುವ ಯೋಚನೆಗೆ ಹೆದರಿ ಕುಗ್ಗಬೇಡಿ. ನೀವು ಒಪ್ಪಿಗೆ ಕೊಡದ ಕಡೆ ಪಾಪವಿಲ್ಲ.

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ನಮ್ಮ ಜನರಿಗೆ ತೊಗರಿಯ ಹೊಲ ಹೊಸದಲ್ಲ. 2022ರಲ್ಲಿ ತಾಂಡೂರಿನ ತೊಗರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಬಿತ್ತಿದ ಮೊದಲ ಒಂದೂವರೆ ತಿಂಗಳು ತೊಗರಿ ನಿಧಾನವಾಗಿ ಬೆಳೆಯುತ್ತದೆ, ಕಳೆ ಬೇಗ ಬೆಳೆಯುತ್ತದೆ. ಆಗ ಎಡೆ ಹೊಡೆದು ಕಸ ತೆಗೆದವನ ಹೊಲದಲ್ಲಿ ಗಿಡ ಹರಡಿಕೊಂಡ ಮೇಲೆ ಅದರ ನೆರಳೇ ಕಳೆಯನ್ನು ಅಡಗಿಸುತ್ತದೆ. ಆಗ ಸುಮ್ಮನಿದ್ದವನು ಆಮೇಲೆ ಎಷ್ಟು ಕೂಲಿ ಕೊಟ್ಟರೂ ಹೋದ ಬೆಳೆ ಬಾರದು. ಕಾಮದ ಶೋಧನೆಯೂ ಹೀಗೆಯೇ. ಅದನ್ನು ಗೆಲ್ಲುವುದು ಕೊನೆಯ ಗಳಿಗೆಯ ಶಕ್ತಿಯಿಂದಲ್ಲ, ಮೊದಲ ಗಳಿಗೆಯ ಎಚ್ಚರದಿಂದ.

ದಾವೀದ ಅರಸನನ್ನು ನೋಡಿ (2 ಸಮುವೇಲ 11). ಅರಸರು ಯುದ್ಧಕ್ಕೆ ಹೊರಡುವ ಕಾಲದಲ್ಲಿ ಆತ ಸೈನ್ಯವನ್ನು ಕಳುಹಿಸಿ ತಾನು ಜೆರುಸಲೇಮಿನಲ್ಲಿ ಉಳಿದ. ಸಂಜೆ ಹಾಸಿಗೆಯಿಂದ ಎದ್ದು ಮಾಳಿಗೆಯ ಮೇಲೆ ಅಡ್ಡಾಡುತ್ತಿದ್ದಾಗ ಸ್ನಾನ ಮಾಡುತ್ತಿದ್ದ ಬತ್ಷೆಬೆ ಕಣ್ಣಿಗೆ ಬಿದ್ದಳು. ಅಲ್ಲಿಯೇ ಕೆಳಗಿಳಿದಿದ್ದರೆ ಕಥೆ ಮುಗಿಯುತ್ತಿತ್ತು. ಆತ ವಿಚಾರಿಸಿದ. ಅವಳು ಊರೀಯನ ಹೆಂಡತಿ ಎಂಬ ಉತ್ತರ ಬಂತು. ಅದು ದೇವರು ಕೊಟ್ಟ ಎಚ್ಚರಿಕೆ. ಆದರೂ ಆಳುಗಳನ್ನು ಕಳುಹಿಸಿ ಕರೆಸಿಕೊಂಡ. ಪಾಪವನ್ನು ಮುಚ್ಚಲು ಊರೀಯನನ್ನು ಮನೆಗೆ ಕಳುಹಿಸಲು ನೋಡಿದ. ಆಗದಿದ್ದಾಗ ಅವನ ಸಾವಿನ ಪತ್ರವನ್ನು ಅವನ ಕೈಯಲ್ಲಿಯೇ ಕೊಟ್ಟು ಕಳುಹಿಸಿದ. ಕೆಲಸವಿಲ್ಲದ ಒಂದು ಸಂಜೆ ಒಬ್ಬ ಒಳ್ಳೆಯ ಸೈನಿಕನ ಕೊಲೆಯಲ್ಲಿ ಮುಗಿಯಿತು. ಪ್ರತಿ ಹೆಜ್ಜೆಯಲ್ಲೂ ಹಿಂದಿರುಗಲು ದಾರಿ ಇತ್ತು. ಪ್ರತಿ ಹೆಜ್ಜೆಯಲ್ಲೂ ಆ ದಾರಿ ಇನ್ನಷ್ಟು ಕಷ್ಟವಾಯಿತು.

'ಯಾರಿಗೂ ತೊಂದರೆ ಕೊಡದೆ ನನ್ನಷ್ಟಕ್ಕೆ ನಾನು ನೋಡಿದರೆ ಏನು ತಪ್ಪು ಸ್ವಾಮಿ?' ಎಂದು ಯುವಕರು ಕೇಳುವುದುಂಟು. ಕಾಮಕ್ಕೆ ಯಾವಾಗಲೂ ಒಬ್ಬ ಊರೀಯನಿರುತ್ತಾನೆ, ಒಬ್ಬ ಬತ್ಷೆಬೆ ಇರುತ್ತಾಳೆ. ನಮ್ಮ ಗಡಿನಾಡಿನ ಎರಡು ಬದಿಗಳಲ್ಲೂ ಬಡ ದಲಿತ ಮನೆಗಳ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಟ್ಟು, ಊರ ಗಂಡಸರ ಆಸೆಗೆ ಒಪ್ಪಿಸುವ ಪದ್ಧತಿ ಇತ್ತು. ಕರ್ನಾಟಕದಲ್ಲಿ ಅವರನ್ನು ದೇವದಾಸಿ ಎಂದರು, ತೆಲಂಗಾಣದಲ್ಲಿ ಜೋಗಿನಿ ಎಂದರು. 1982ರಲ್ಲಿ ಕರ್ನಾಟಕ, 1988ರಲ್ಲಿ ಅಂದಿನ ಆಂಧ್ರಪ್ರದೇಶ ಅದನ್ನು ಕಾನೂನಿನಿಂದ ನಿಷೇಧಿಸಿದವು. ಇನ್ನೊಂದು ಧರ್ಮವನ್ನು ದೂರಲು ಇದನ್ನು ಹೇಳುತ್ತಿಲ್ಲ. ನಮ್ಮ ಧರ್ಮಸಭೆಯಲ್ಲೂ ಗುರುಗಳೇ ಎಳೆಯರ ಮೇಲೆ ಎಸಗಿದ ದೌರ್ಜನ್ಯದಿಂದ ನಾವೆಲ್ಲ ತಲೆತಗ್ಗಿಸಬೇಕಾಯಿತು. 2019ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಅಂಥ ದೂರುಗಳನ್ನು ಮುಚ್ಚಿಡದಂತೆ ಕಟ್ಟುನಿಟ್ಟಿನ ನಿಯಮ ತಂದರು. ಎಲ್ಲಿ ಕಾಮಕ್ಕೆ ಅಂಕೆಯಿಲ್ಲವೋ ಅಲ್ಲಿ ಬಲವಿಲ್ಲದವರೇ ಬೆಲೆ ತೆರುತ್ತಾರೆ ಎಂಬುದೇ ನಮ್ಮ ಮಾತು.

ಇಂದು ಅದೇ ಮಾರುಕಟ್ಟೆ ಮೊಬೈಲಿನ ಮೂಲಕ ಅಂಗೈಗೆ ಬಂದಿದೆ. 2018ರಲ್ಲಿ ಉತ್ತರಾಖಂಡ ಹೈಕೋರ್ಟಿನ ಆದೇಶದ ಮೇರೆಗೆ ಕೇಂದ್ರ ಸರ್ಕಾರ 827 ಅಶ್ಲೀಲ ತಾಣಗಳನ್ನು ತಡೆಯಲು ಹೇಳಿತು. ಆದರೂ ಹುಡುಕುವವನಿಗೆ ಬೇರೆ ದಾರಿ ಸಿಗುತ್ತದೆ. ಪರದೆಯ ಮೇಲೆ ಕಾಣುವವಳು ಬಡತನದಿಂದ ಬಂದವಳೋ, ಬಲವಂತದಿಂದ ತಂದವಳೋ ನೋಡುವವನಿಗೆ ಗೊತ್ತಾಗುವುದಿಲ್ಲ. ಅವಳೂ ಯಾರದೋ ಮಗಳು. ಇನ್ನು ಮಕ್ಕಳನ್ನು ಬಳಸಿದ ದೃಶ್ಯಗಳ ವಿಷಯದಲ್ಲಿ ಕಾನೂನು ಬಹಳ ಕಠಿಣ. ಅವನ್ನು ಅಳಿಸದೆ, ತಿಳಿಸದೆ ಇಟ್ಟುಕೊಳ್ಳುವುದು ಸಹ ಪೋಕ್ಸೋ ಕಾಯ್ದೆಯಡಿ ಅಪರಾಧವಾಗುತ್ತದೆ ಎಂದು 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಗೆಳೆಯರ ಗುಂಪಿನಲ್ಲಿ ಬಂದದ್ದನ್ನು ತಮಾಷೆಗೆ ಮುಂದೆ ಕಳುಹಿಸುವ ಯುವಕರು ಇದನ್ನು ನೆನಪಿಡಬೇಕು. ನಿಮ್ಮ ಮಗುವಿಗೆ ಯಾರಾದರೂ ಕಾಟ ಕೊಟ್ಟರೆ ಮಾನಕ್ಕೆ ಅಂಜಿ ಮುಚ್ಚಿಡಬೇಡಿ; ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ನಮ್ಮ ಭಾಗದಲ್ಲಿ ಇನ್ನೊಂದು ಕಷ್ಟವಿದೆ. ನಾರಾಯಣಖೇಡದ ಹಳ್ಳಿ ತಾಂಡಾಗಳಿಂದ ಜನ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ, ದೂರದೂರಕ್ಕೆ ಕಬ್ಬು ಕಡಿಯಲು ಹೋಗುತ್ತಾರೆ. ಜಹೀರಾಬಾದಿನ ಮೂಲಕ ಹಾಯುವ 65ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿ ಓಡಿಸುವವರು ವಾರಗಟ್ಟಲೆ ಮನೆ ಕಾಣುವುದಿಲ್ಲ. ತಾಂಡೂರಿನ ಕಲ್ಲಿನ ಕೆಲಸಕ್ಕೆ ಬಂದು ಒಂಟಿಯಾಗಿ ಬಾಡಿಗೆ ಕೋಣೆಯಲ್ಲಿರುವವರಿದ್ದಾರೆ. ಸಂತ ಪೌಲರು (1 ಕೊರಿಂಥ 7:5) ಗಂಡ ಹೆಂಡಿರು ಪ್ರಾರ್ಥನೆಗಾಗಿ, ಅದೂ ಪರಸ್ಪರ ಒಪ್ಪಿಗೆಯಿಂದ, ಸ್ವಲ್ಪ ಕಾಲ ಮಾತ್ರ ಅಗಲಿರಬಹುದು, ಇಲ್ಲವಾದರೆ ಸೈತಾನ ಶೋಧಿಸುತ್ತಾನೆ ಎಂದು ಎಚ್ಚರಿಸಿದ್ದಾರೆ. ಹೊಟ್ಟೆಪಾಡಿನ ಅಗಲಿಕೆಯನ್ನು ನಾವು ತಪ್ಪೆನ್ನಲಾರೆವು. ಆದರೆ ಅದರ ಅಪಾಯವನ್ನು ಗಂಡ ಹೆಂಡತಿ ಇಬ್ಬರೂ ತಿಳಿದು, ಮೊದಲೇ ಮಾತನಾಡಿಕೊಳ್ಳಬೇಕು. ಅದಕ್ಕಾಗಿ ಕೆಲವು ಸಲಹೆಗಳು:

1. ಯೋಸೇಫನಂತೆ ಮೊದಲೇ ತೀರ್ಮಾನಿಸಿ. ಪೋಟೀಫರನ ಹೆಂಡತಿ ದಿನದಿನವೂ ಕಾಡಿದರೂ ಆತ ಅವಳ ಬಳಿ ಇರಲೂ ಒಪ್ಪಲಿಲ್ಲ (ಆದಿಕಾಂಡ 39). ಆದ್ದರಿಂದಲೇ ಕೊನೆಯ ದಿನ ಮೇಲಂಗಿಯನ್ನು ಬಿಟ್ಟು ಓಡಲು ಆತನಿಗೆ ಸಾಧ್ಯವಾಯಿತು. ಈ ಶೋಧನೆಯ ಮುಂದೆ ನಿಂತು ವಾದಿಸುವವನು ಸೋಲುತ್ತಾನೆ, ಓಡುವವನೇ ಶೂರ.

2. ನಿಮ್ಮ ಬಲಹೀನ ಗಳಿಗೆಯನ್ನು ಗುರುತಿಸಿ. ಬೇಸರವೇ, ಸಿಟ್ಟೇ, ಕುಡಿತವೇ, ರಾತ್ರಿಯ ಒಂಟಿತನವೇ? ಮಲಗುವ ಮುನ್ನ ಮೊಬೈಲನ್ನು ಕೈಗೆಟುಕದ ಕಡೆ ಚಾರ್ಜಿಗೆ ಇಡಿ. ಮಕ್ಕಳಿಗೆ ಮಾತ್ರವಲ್ಲ, ಅಪ್ಪನಿಗೂ ಇದೇ ನಿಯಮವಿರಲಿ.

3. ದೂರದಲ್ಲಿರುವವರು ದಿನಕ್ಕೊಂದು ಹೊತ್ತು ಮನೆಗೆ ಕರೆ ಮಾಡಿ. ಹಣದ ಲೆಕ್ಕ ಮಾತ್ರ ಕೇಳಬೇಡಿ. ಒಟ್ಟಿಗೆ ಒಂದು ಸಣ್ಣ ಪ್ರಾರ್ಥನೆ ಹೇಳಿ. ಜಪಸರದ ಐದು ಮಣಿಯಾದರೂ ಸಾಕು.

4. ಮಕ್ಕಳ ಪ್ರಶ್ನೆಗೆ ಬೈಯಬೇಡಿ. ನೀವು ಹೇಳದಿದ್ದರೆ ಮೊಬೈಲ್ ಹೇಳುತ್ತದೆ, ಕೆಟ್ಟದಾಗಿ ಹೇಳುತ್ತದೆ.

5. ಬಿದ್ದವರು ಬಚ್ಚಿಟ್ಟುಕೊಳ್ಳಬೇಡಿ. ಬೆಳಕಿಗೆ ತಂದ ಪಾಪಕ್ಕೆ ಅರ್ಧ ಬಲ ಹೋಗುತ್ತದೆ. ಪಾಪನಿವೇದನೆಯಲ್ಲಿ ಹೇಳಿದ್ದು ಗುರುವಿನ ಜೊತೆಗೆ ಸಮಾಧಿಗೆ ಹೋಗುತ್ತದೆ, ನಾಚಿಕೆ ಬೇಡ. ಬಿಡಲಾಗದ ಚಟವಾಗಿದ್ದರೆ ವೈದ್ಯರ, ಆಪ್ತಸಲಹೆಗಾರರ ನೆರವನ್ನೂ ಪಡೆಯಿರಿ. ಅದು ವಿಶ್ವಾಸದ ಕೊರತೆಯಲ್ಲ.

ಎಷ್ಟು ಸಲ ಎದ್ದರೂ ಮತ್ತೆ ಬೀಳುತ್ತೇನೆ ಎಂದು ನಿರಾಶರಾದವರಿಗೆ ಸಂತ ಅಗಸ್ಟೀನರು ಸಾಕ್ಷಿ. ಹರೆಯದಲ್ಲಿಯೇ ಈ ಬಲೆಗೆ ಬಿದ್ದ ಅವರು ಶುದ್ಧತೆಯನ್ನು ಬೇಡುತ್ತಲೇ ಅದನ್ನು ನಾಳೆಗೆ ತಳ್ಳುತ್ತಿದ್ದರು. ತಾಯಿ ಮೋನಿಕ ವರುಷಗಟ್ಟಲೆ ಕಣ್ಣೀರಿಟ್ಟು ಪ್ರಾರ್ಥಿಸಿದರು. 386ರಲ್ಲಿ ಮಿಲಾನಿನ ಒಂದು ತೋಟದಲ್ಲಿ ಅಗಸ್ಟೀನರ ಮನಸ್ಸು ತಿರುಗಿತು. 387ರಲ್ಲಿ ಸಂತ ಅಂಬ್ರೋಸರಿಂದ ದೀಕ್ಷಾಸ್ನಾನ ಪಡೆದರು. ಅವರು ಸಂತರಾದದ್ದು ಬೀಳದೆ ಇದ್ದುದರಿಂದಲ್ಲ, ಕೊನೆಗೆ 'ನಾಳೆ' ಎನ್ನುವುದನ್ನು ಬಿಟ್ಟಿದ್ದರಿಂದ. ಇಂದ್ರಿಯನಿಗ್ರಹ ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ, ಬಾಳಿನುದ್ದಕ್ಕೂ ಮತ್ತೆ ಮತ್ತೆ ತೊಡಗಬೇಕಾದ ಕೆಲಸ ಎಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಕಲಿಸುತ್ತದೆ.

ಕಳೆ ಕಿತ್ತ ಜಾಗ ಬರಿದಾಗಿದ್ದರೆ ಮತ್ತೆ ಕಳೆಯೇ ಬೆಳೆಯುತ್ತದೆ. ಅಲ್ಲಿ ತೊಗರಿ ಹರಡಬೇಕು. ಮನೆಯವರೊಂದಿಗೆ ಕಳೆಯುವ ಹೊತ್ತು, ದುಡಿಮೆ, ಬಲಿಪೂಜೆ, ಪರಮಪ್ರಸಾದ, ಇನ್ನೊಬ್ಬರ ಸೇವೆ ಇವು ಮನಸ್ಸನ್ನು ತುಂಬಲಿ. ನಮ್ಮ ದೇಹ ಪವಿತ್ರಾತ್ಮರ ಆಲಯವೆಂದು ಸಂತ ಪೌಲರು ಹೇಳಿದ್ದು ಬೆದರಿಸಲು ಅಲ್ಲ, ನಮ್ಮ ಬೆಲೆಯನ್ನು ನೆನಪಿಸಲು. ಈ ವಾರ ಒಂದು ರಾತ್ರಿಯ ಊಟವಾದ ಮೇಲೆ ಟಿವಿ, ಮೊಬೈಲ್ ಆರಿಸಿ, ಈ ಪುಟವನ್ನು ಗಂಡ ಹೆಂಡತಿ ಒಟ್ಟಿಗೆ ಓದಿ, ಮೇಲಿನ ಐದರಲ್ಲಿ ನಿಮ್ಮ ಮನೆಗೆ ಯಾವುದು ಮೊದಲು ಬೇಕು ಎಂದು ಮಾತನಾಡಿಕೊಳ್ಳಿ. ಶುದ್ಧ ಹೃದಯದ ಮಾತೆ ಮರಿಯಮ್ಮನವರು ನಿಮಗಾಗಿ ಪ್ರಾರ್ಥಿಸಲಿ. ದೇವರು ನಿಮ್ಮ ಕುಟುಂಬಗಳನ್ನು ಹರಸಲಿ.